ಬಿದ್ರಿ ಕಸುಬು, ಹೈದರಾಬಾದಿನ ಪೇಟೆ ಮತ್ತು ಸಾಮಾಜಿಕ ಜಾಲತಾಣ

ಕರಕುಶಲ ವಸ್ತುಗಳ ಚರಿತ್ರೆಯನ್ನು ಪರಿಶೀಲಿಸುವವರು ಎರಡು ಊರುಗಳನ್ನು ಒಟ್ಟಿಗೆ ಗಮನದಲ್ಲಿರಿಸಿಕೊಳ್ಳಬೇಕಾಗುತ್ತದೆ: ಒಂದು, ವಸ್ತು ಹುಟ್ಟುವ ಊರು; ಇನ್ನೊಂದು, ಅದು ಮಾರಾಟವಾಗುವ ಊರು. ಬಿದ್ರಿ ಕಲೆಯ ಮಟ್ಟಿಗೆ ಮೊದಲನೆಯದು ಬೀದರ್. ಎರಡನೆಯದು ಬಹುಕಾಲದಿಂದ ಹೈದರಾಬಾದು. ಬೀದರ್ ಸೀಮೆಯು ೧೯೪೮ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ೧೯೫೬ರ ನವೆಂಬರ್ ೧ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ನವಾಬರ, ಜಾಗೀರುದಾರರ ಮನೆಗಳಿಗೆ ಬೇಕಾದ ಹುಕ್ಕಾ, ಸುರಾಯಿ, ಪಾನ್‌ದಾನ್, ತಟ್ಟೆಗಳಿಗೆ ದೊಡ್ಡ ಬೇಡಿಕೆ ಇದ್ದುದು ಈ ರಾಜಧಾನಿಯಲ್ಲಿ. ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಅಂಥ ವಸ್ತುಗಳನ್ನು ಇಂದಿಗೂ ಕಾಣಬಹುದು. ಅವುಗಳನ್ನು ಬಳಸಿದ ಮನೆತನಗಳ ಹೆಸರು ಎಷ್ಟೋ ವೇಳೆ ತಿಳಿದಿದೆ; ಅವುಗಳನ್ನು ಮಾಡಿದವರ ಹೆಸರು ಬಹುಮಟ್ಟಿಗೆ ಉಳಿದಿಲ್ಲ.

ಇಂದು ಕೈಫೋನಿನ ಮೂಲಕ ಕುಶಲಕರ್ಮಿಯೇ ನೇರವಾಗಿ ಕೊಳ್ಳುವವರೊಡನೆ ಮಾತನಾಡುವ ಅವಕಾಶ ಒದಗಿದೆ. ಈ ಅವಕಾಶ ಹೇಗೆ ಕೆಲಸ ಮಾಡುತ್ತದೆ, ಅದರ ಮಿತಿಗಳಾವುವು, ಅದರಲ್ಲಿ ಭಾಷೆಯ ಪಾತ್ರವೇನು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಕಸುಬಿನ ಸ್ವರೂಪವನ್ನು ಅರಿಯುವುದು ಅವಶ್ಯಕ. ಬಿದ್ರಿಯ ಮೂಲದ್ರವ್ಯ ಸತು ಮತ್ತು ತಾಮ್ರದ ಮಿಶ್ರಲೋಹ. ಸತುವಿನ ಪಾಲೇ ಅಧಿಕ; ಸುಮಾರು ಹದಿನಾರಕ್ಕೆ ಒಂದರಷ್ಟು ತಾಮ್ರ. ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ ನಯಗೊಳಿಸಿ, ಮೈಲುತುತ್ತದ ದ್ರಾವಣ ಹಚ್ಚಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಆ ಕಪ್ಪಿನ ಮೇಲೆ ಚಿತ್ತಾರ ಗೀರಿ, ಉಳಿಯಿಂದ ಕೊರೆದು, ಕೊರೆದ ಜಾಡಿನಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ತಂತಿಯ ಕೆಲಸಕ್ಕೆ ತಾರ್‌ಕಶಿ ಎಂದೂ ಆಳವಾಗಿ ಕೊರೆದು ತಗಡು ಕೂರಿಸುವುದಕ್ಕೆ ತೆಹ್‌ನಿಶಾನ್ ಎಂದೂ ಹೆಸರು. ಮತ್ತೊಮ್ಮೆ ಉಜ್ಜಿದಾಗ ಇಡೀ ವಸ್ತು ಬೆಳ್ಳಗಾಗಿ, ಚಿತ್ತಾರವೂ ಲೋಹವೂ ಬೇರೆ ಕಾಣದಂತಾಗುತ್ತವೆ. ಕೊನೆಯ ಹಂತದಲ್ಲಿ ಬೀದರ್ ಕೋಟೆಯ ಹಳೆಯ ಕಟ್ಟಡಗಳ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕಲಸಿ, ವಸ್ತುವನ್ನು ಬಿಸಿಯಾಗಿಸಿ ಅದರಿಂದ ಉಜ್ಜುತ್ತಾರೆ. ಆಗ ಮಿಶ್ರಲೋಹ ಶಾಶ್ವತವಾಗಿ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಹೊಳೆಯುತ್ತ ಉಳಿಯುತ್ತದೆ. ಬಳಿಕ ಎಣ್ಣೆ ಸವರಿದರೆ ಕಪ್ಪು ಗಾಢವಾಗುತ್ತದೆ.

ಸಿದ್ಧವಾದ ವಸ್ತುವಿನ ಛಾಯಾಚಿತ್ರವೊಂದರಲ್ಲಿ ಈ ಶ್ರಮದ ಯಾವ ಸುಳಿವೂ ಇರುವುದಿಲ್ಲ ಎಂಬುದು ಇಲ್ಲಿ ಗಮನಾರ್ಹ. ಕಪ್ಪು ಬಣ್ಣ ಬಳಿದು ಬಿಳಿಯ ಚಿತ್ತಾರ ಮೂಡಿಸಿದ ಅಗ್ಗದ ಅನುಕರಣವೂ ಚಿತ್ರದಲ್ಲಿ ಹೀಗೆಯೇ ಕಾಣಬಲ್ಲುದು. ವಸ್ತುವಿನ ತೂಕ, ಬೆಳ್ಳಿಯ ಆಳ, ಮೈಯ ತಂಪು ಕೈಗೆ ಸಿಕ್ಕಾಗ ಮಾತ್ರ ತಿಳಿಯುವಂಥವು. ಆದುದರಿಂದ ಸಿದ್ಧವಸ್ತುವಿಗಿಂತ ಅದನ್ನು ಮಾಡುವ ಬಗೆಯನ್ನು ತೋರಿಸುವುದೇ ಜಾಲತಾಣದಲ್ಲಿ ಕುಶಲಕರ್ಮಿಗೆ ಹೆಚ್ಚು ಪ್ರಯೋಜನಕರ. ಬೆಳ್ಳಗಿದ್ದ ಹೂದಾನಿ ಮಣ್ಣಿನ ಉಜ್ಜಿಕೆಯಿಂದ ಕ್ಷಣಾರ್ಧದಲ್ಲಿ ಕಪ್ಪಾಗುವ ದೃಶ್ಯವು ನೋಡುಗನನ್ನು ಹಿಡಿದು ನಿಲ್ಲಿಸುತ್ತದೆ. ಜೊತೆಗೆ ಅದು ಅಸಲಿತನದ ಪುರಾವೆಯೂ ಆಗುತ್ತದೆ.

೨೦೦೯ರಲ್ಲಿ ವಾಟ್ಸ್‌ಆ್ಯಪ್, ೨೦೧೦ರಲ್ಲಿ ಇನ್‌ಸ್ಟಾಗ್ರಾಂ ಬಳಕೆಗೆ ಬಂದವು. ಸಣ್ಣ ವ್ಯಾಪಾರಿಗಳಿಗೆಂದೇ ವಾಟ್ಸ್‌ಆ್ಯಪ್ ಬಿಸಿನೆಸ್ ೨೦೧೮ರಲ್ಲಿ ರೂಪುಗೊಂಡಿತು. ಇವುಗಳ ಕಾರ್ಯ ಭಿನ್ನವಾದುದು. ಇನ್‌ಸ್ಟಾಗ್ರಾಂನಲ್ಲಿ ಒಂದು ಕಿರುಚಿತ್ರವನ್ನು ಜನ ಎಷ್ಟು ಹೊತ್ತು ನೋಡಿದರು, ಎಷ್ಟು ಮಂದಿಗೆ ಕಳುಹಿಸಿದರು ಎಂಬುದರ ಮೇಲೆ ಅದರ ಪ್ರಸಾರ ವಿಸ್ತರಿಸುತ್ತದೆ. ಹಾಗಾಗಿ ಅಪರಿಚಿತರನ್ನು ಸೆಳೆಯಲು ಅದು ತಕ್ಕುದು. ವಾಟ್ಸ್‌ಆ್ಯಪ್ ಪರಿಚಿತ ಗಿರಾಕಿಯೊಡನೆ ಮಾತುಕತೆ ನಡೆಸುವ ತಾಣ. ಅಲ್ಲಿ ಪ್ರತಿ ವಸ್ತುವಿನ ಅಳತೆ, ತೂಕ, ಬೆಲೆ, ಮಾಡಲು ಹಿಡಿಯುವ ದಿನಗಳು ಇವನ್ನು ಸ್ಪಷ್ಟವಾಗಿ ನಮೂದಿಸಿದರೆ ಚೌಕಾಸಿಯೂ ತಪ್ಪುತಿಳಿವಳಿಕೆಯೂ ಕಡಿಮೆಯಾಗುತ್ತವೆ. ಬೀದರಿನಿಂದ ಸುಮಾರು ೧೪೦ ಕಿಲೋಮೀಟರ್ ದೂರದ ಹೈದರಾಬಾದಿನ ಗಿರಾಕಿಗೆ ಅಂಗಡಿಕಾರನ ನೆರವಿಲ್ಲದೆ ವಸ್ತು ತಲುಪುವುದು ಹೀಗೆ ಸಾಧ್ಯವಾಗಿದೆ.

ಆದರೆ ಈ ಮಾಧ್ಯಮದ ಮಿತಿಗಳನ್ನು ಮರೆಯಲಾಗದು. ಮೊದಲನೆಯದಾಗಿ, ಜಾಲತಾಣವು ನಿತ್ಯ ಹೊಸದನ್ನು ಬೇಡುತ್ತದೆ. ಬಿದ್ರಿಯ ಒಂದು ದೊಡ್ಡ ವಸ್ತುವಿಗೆ ವಾರಗಳೇ ಹಿಡಿಯಬಹುದು. ಫೋನಿಗೆ ಕೊಟ್ಟ ಹೊತ್ತು ಉಳಿಯ ಕೆಲಸದಿಂದ ಕಳೆದ ಹೊತ್ತೇ ಸರಿ. ಒಂದೇ ವಸ್ತುವಿನ ಬೇರೆ ಬೇರೆ ಹಂತಗಳನ್ನು ಬೇರೆ ಬೇರೆ ದಿನ ಪ್ರಕಟಿಸುವುದು ಇದಕ್ಕಿರುವ ಸುಲಭ ಪರಿಹಾರ. ಎರಡನೆಯದಾಗಿ, ಖಾತೆ ಕುಶಲಕರ್ಮಿಯದಾದರೂ ತಾಣ ಅನ್ಯರದು. ೨೦೨೦ರ ಜೂನ್ ೨೯ರಂದು ಭಾರತ ಸರ್ಕಾರ ಟಿಕ್‌ಟಾಕ್ ಅನ್ನು ನಿಷೇಧಿಸಿದಾಗ, ಅದನ್ನೇ ನೆಚ್ಚಿದ್ದವರು ಗಳಿಸಿದ್ದ ನೋಡುಗರನ್ನೆಲ್ಲ ಒಮ್ಮೆಗೇ ಕಳೆದುಕೊಂಡರು. ಗಿರಾಕಿಗಳ ಹೆಸರು, ವಿಳಾಸಗಳನ್ನು ಅವರ ಒಪ್ಪಿಗೆಯಿಂದ ಸ್ವಂತ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವ ಹಳೆಯ ಪದ್ಧತಿಯ ಬೆಲೆ ಇಂಥಲ್ಲಿ ತಿಳಿಯುತ್ತದೆ. ಮೂರನೆಯದು ಅನುಕರಣದ ಸಮಸ್ಯೆ. ಬಿದ್ರಿಗೆ ೨೦೦೬ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆತಿದ್ದು, ಅದು ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ ಹೆಸರಿನಲ್ಲಿ ನೋಂದಣಿಯಾಗಿದೆ. ಬಿದ್ರಿ ಎಂಬ ಹೆಸರಿಗೆ ಕಾನೂನಿನ ರಕ್ಷಣೆ ಇರುವುದು ಹೀಗೆ. ಆದರೆ ಯಾರು ಬೇಕಾದರೂ ಯಾವ ಚಿತ್ರಕ್ಕಾದರೂ ಆ ಹೆಸರನ್ನು ಅಂಟಿಸಬಹುದಾದ ತಾಣದಲ್ಲಿ, ಕಾನೂನು ಅರಿತ ಗಿರಾಕಿಯಿಲ್ಲದೆ ಆ ರಕ್ಷಣೆ ಪೂರ್ಣವಾಗದು.

ಗಿರಾಕಿಗೆ ಈ ಅರಿವು ಮೂಡಿಸುವುದು ಭಾಷೆಯ ಕೆಲಸ. ಚಿತ್ರದ ಕೆಳಗಿನ ಒಕ್ಕಣೆ ಬಹುತೇಕ ಇಂಗ್ಲಿಷಿನಲ್ಲಿರುತ್ತದೆ. ಅದರಲ್ಲಿ ತಾರ್‌ಕಶಿ, ತೆಹ್‌ನಿಶಾನ್ ಎಂಬ ಭೇದಗಳು ಅಳಿದು ಎಲ್ಲವೂ ಬರಿಯ ಬೆಳ್ಳಿ ಕೆಲಸವಾಗಿಬಿಡುತ್ತವೆ. ಪಾರಸಿ ಮೂಲದ ಈ ಪದಗಳು ದಖನಿ ಮತ್ತು ಕನ್ನಡಗಳೆರಡೂ ಬೆರೆತ ಬೀದರಿನ ಕಾರ್ಖಾನೆಗಳಲ್ಲಿ ಬಾಳಿದಂಥವು. ಪದ ಅಳಿದರೆ ಆ ಕೆಲಸಗಳ ನಡುವಣ ವ್ಯತ್ಯಾಸ ಅಳಿಯುತ್ತದೆ. ವ್ಯತ್ಯಾಸ ಅಳಿದರೆ ಹೆಚ್ಚಿನ ಶ್ರಮಕ್ಕೆ ಹೆಚ್ಚಿನ ಬೆಲೆ ಕೇಳುವ ಆಧಾರವೇ ಇಲ್ಲವಾಗುತ್ತದೆ. ಒಕ್ಕಣೆಯನ್ನು ಕನ್ನಡ, ಉರ್ದು, ತೆಲುಗು, ಇಂಗ್ಲಿಷ್‌ಗಳಲ್ಲಿ ಬರೆದು ಕಸುಬಿನ ಪದಗಳನ್ನು ಮಾತ್ರ ಇದ್ದಂತೆಯೇ ಉಳಿಸಿಕೊಳ್ಳುವುದು ಉಚಿತ ಮಾರ್ಗ.

ಕನ್ನಡ ವಿಭಾಗಗಳು ನೆರವಾಗಬಹುದಾದುದು ಈ ಹಂತದಲ್ಲಿ. ಕುಲಕಸುಬುಗಳ ಪದಸಂಗ್ರಹ ನಮ್ಮ ಅಧ್ಯಯನಕ್ಕೆ ಹೊಸದಲ್ಲ. ಸಂಗ್ರಹಿಸಿದ ಪದಗಳನ್ನು ಗ್ರಂಥಕ್ಕೆ ಸೀಮಿತಗೊಳಿಸದೆ, ಕುಶಲಕರ್ಮಿಯ ಫೋನಿನಲ್ಲಿ ಬಳಕೆಯಾಗುವ ಒಕ್ಕಣೆಗಳಾಗಿ ಅವರಿಗೇ ಮರಳಿಸುವ ಕಾರ್ಯ ಆಗಬೇಕಿದೆ. ಹೈದರಾಬಾದಿನಲ್ಲಿ ಕನ್ನಡ ಓದುವ ವಿದ್ಯಾರ್ಥಿಗೆ ಉರ್ದು, ತೆಲುಗುಗಳ ಪರಿಚಯವೂ ಇರುವುದರಿಂದ ಇದು ಹೆಚ್ಚು ಸುಲಭ. ೨೦೨೩ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಸಂದಾಗ ಬಿದ್ರಿ ಕೆಲಸಗಾರರೊಬ್ಬರ ಹೆಸರು ನಾಡಿಗೆಲ್ಲ ತಿಳಿಯಿತು. ಪ್ರಶಸ್ತಿ ಒಬ್ಬರಿಗೋ ಇಬ್ಬರಿಗೋ ದೊರೆಯುವಂಥದು. ಉಳಿದವರ ಪಾಲಿಗೆ, ತಾವು ಮಾಡಿದ ವಸ್ತುವಿನ ಚಿತ್ರದ ಕೆಳಗೆ ಮಾಡಿದವರ ಹೆಸರು, ಊರು, ಕೆಲಸದ ಬಗೆ ಈ ಮೂರನ್ನೂ ತಪ್ಪದೆ ಬರೆಯುವುದೇ ಜಾಲತಾಣದಿಂದ ಪಡೆಯಬಹುದಾದ ಬಹುಮುಖ್ಯ ಲಾಭ. ಮಾರಾಟ ಅದನ್ನು ಹಿಂಬಾಲಿಸಿ ಬರಬೇಕು.