ಗುಂಟೆ, ಸೆಂಟು, ಪುಟ

ಇಪ್ಪತ್ಮೂರು ಲಾರಿಗಳ ಬಾಡಿಗೆ ಸೊನ್ನೆ ರೂಪಾಯಿ ಎಂದು ಬಂದಿತ್ತು. ಲಾರಿ ಸಂಖ್ಯೆಯ ಜಾಗದಲ್ಲೂ ಸೊನ್ನೆ, ತಾರೀಖಿನ ಜಾಗದಲ್ಲೂ ಸೊನ್ನೆ. ಅವುಗಳ ಹಿಂದಿನ ಬಿಲ್ಲುಗಳೂ ಮುಂದಿನ ಬಿಲ್ಲುಗಳೂ ನೆಟ್ಟಗಿದ್ದವು. ಬೆಳೆದು ನಿಂತ ಹೊಲದ ನಡುವೆ ಯಾರೋ ಒಂದೇ ಒಂದು ಪಟ್ಟಿ ಕುಂಟೆ ಹೊಡೆದು ಹೋದ ಹಾಗೆ.

ಆ ಬಿಲ್ಲುಗಳ ಲೆಕ್ಕ ಹಾಕುವ ಪ್ರೋಗ್ರಾಂ ಬರೆದವಳು ನಾನೇ. ಊರು ಸಿಂಧನೂರು ತಾಲ್ಲೂಕು, ಈಗಿರುವುದು ವಿಜಯವಾಡದ ಪಕ್ಕದ ಗನ್ನವರಂ. ನಮ್ಮ ಕಡೆ ತುಂಗಭದ್ರಾ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ಕರಾವಳಿ ಜಿಲ್ಲೆಗಳ ರೈತರು ಬಂದು ನೆಲೆಸಿದರು, ಅವರ ಊರುಗಳಿಗೆ ಇವತ್ತಿಗೂ ಕ್ಯಾಂಪ್ ಎಂದೇ ಹೆಸರು. ಕ್ಯಾಂಪಿನ ಹುಡುಗಿಯರ ಜೊತೆ ಆಡಿ ಕಲಿತ ತೆಲುಗು ಹಿಡಿದುಕೊಂಡು ನಾನು ಅವರ ಅಜ್ಜಂದಿರ ಸೀಮೆಗೆ ಕೆಲಸಕ್ಕೆ ಬಂದಿದ್ದೇನೆ. ಆಫೀಸಿನ ಕಿಟಕಿಯಾಚೆ 16ನೇ ರಾಷ್ಟ್ರೀಯ ಹೆದ್ದಾರಿ, ಅದರಾಚೆ ವಿಮಾನ ಇಳಿಯುವ ಬಯಲು.

ಆ 23 ಸೊನ್ನೆಗಳ ಗುಟ್ಟು ಹೇಳಬೇಕಾದರೆ ಮೊದಲು ಕಂಪ್ಯೂಟರಿನ ಮೆಮೊರಿಯ ಪಹಣಿ ಬಿಚ್ಚಬೇಕು.

ಓಡುತ್ತಿರುವ ಪ್ರೋಗ್ರಾಮಿಗೆ ಯೂನಿಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯಲ್ಲಿ ಪ್ರೊಸೆಸ್ ಎಂದು ಹೆಸರು. ಪ್ರತಿ ಪ್ರೊಸೆಸ್ಸಿಗೂ ಅದರದ್ದೇ ಆದ ವಿಳಾಸಗಳ ಬಯಲೊಂದು ಸಿಗುತ್ತದೆ. ಯೂನಿಕ್ಸ್ ಮನೆತನದ ಲಿನಕ್ಸ್‌ನಲ್ಲಿ, ಸಾಮಾನ್ಯ 64 ಬಿಟ್ ಇಂಟೆಲ್ ಯಂತ್ರದ ಮೇಲೆ, ಈ ಬಯಲಿನ ಅಳತೆ 128 ಟೆರಾಬೈಟ್. ನನ್ನ ಲ್ಯಾಪ್‌ಟಾಪಿನಲ್ಲಿ ನಿಜಕ್ಕೂ ಇರುವ ಮೆಮೊರಿ 16 ಗಿಗಾಬೈಟ್, ಅಂದರೆ ಆ ಬಯಲಿನ 8192ನೇ ಒಂದು ಪಾಲು. ಇಷ್ಟಾದರೂ ಒಂದೇ ಹೊತ್ತಿಗೆ ನೂರಾರು ಪ್ರೊಸೆಸ್ಸುಗಳು ತಮ್ಮ ತಮ್ಮ ಬಯಲಿನಲ್ಲಿ ಹಾಯಾಗಿರುತ್ತವೆ.

ಇದು ಹೇಗೆ ಸಾಧ್ಯ ಎಂಬುದನ್ನು ಇಲ್ಲಿಯ ಜನಕ್ಕೆ ಹೇಳಿಕೊಡಬೇಕಿಲ್ಲ. ಕೃಷ್ಣೆಯ ಆಚೆ ದಡದಲ್ಲಿ ಅಮರಾವತಿಗೆಂದು 2015ರಲ್ಲಿ ಸಾವಿರಾರು ರೈತರು ಭೂಮಿ ಕೊಟ್ಟರು. ಅವರ ಪಾಲಿಗೆ ಬಂದ ಪ್ಲಾಟುಗಳು ಮೊದಲು ಮೂಡಿದ್ದು ನಕ್ಷೆಯ ಮೇಲೆ. ಸಂಖ್ಯೆ ಮುಂಚೆ, ರಸ್ತೆ ಚರಂಡಿ ಆಮೇಲೆ. ಮೆಮೊರಿಯ ಕಥೆಯೂ ಅದೇ. ಪ್ರೊಸೆಸ್ಸಿನ ಕೈಯಲ್ಲಿರುವುದು ಸಂಖ್ಯೆ. ಆ ವಿಳಾಸವನ್ನು ಅದು ಮೊದಲ ಸಲ ಮುಟ್ಟಿದಾಗ ಯಂತ್ರ ತಡೆದು ನಿಂತು ಕರ್ನೆಲ್ಲನ್ನು ಕೂಗುತ್ತದೆ. ವ್ಯವಸ್ಥೆಯ ಒಡಲಲ್ಲಿರುವ ಆ ಯಜಮಾನ ಎಲ್ಲಿಂದಲೋ ಒಂದು ನಿಜವಾದ ತುಂಡು ಮೆಮೊರಿ ತಂದು, ಸೊನ್ನೆಯಿಂದ ತೊಳೆದು, ಆ ಸಂಖ್ಯೆಗೆ ಜೋಡಿಸುತ್ತಾನೆ. ಪೇಜ್ ಫಾಲ್ಟ್ ಎನ್ನುವುದು ಇದಕ್ಕೇ. ಯಾವ ಸಂಖ್ಯೆಗೆ ಯಾವ ತುಂಡು ಎಂದು ಬರೆದಿಡುವ ಪಹಣಿಯೇ ಪೇಜ್ ಟೇಬಲ್.

ಈ ತುಂಡಿಗೆ ಪೇಜ್ ಎನ್ನುತ್ತೇವೆ, ನಮ್ಮ ಮಾತಿನಲ್ಲಿ ಪುಟ. ಇಂಟೆಲ್ ಯಂತ್ರಗಳಲ್ಲಿ ಮಾಮೂಲಿ ಪುಟವೆಂದರೆ 4096 ಬೈಟ್. ವಿಷಯವೆಲ್ಲ ಇಲ್ಲಿದೆ: ಕರ್ನೆಲ್ಲಿಗೆ ಬಿಡಿ ಬೈಟುಗಳ ಲೆಕ್ಕ ಬೇಡ. ಕೊಡುವುದು, ಕಸಿಯುವುದು, ಕಾವಲು ಹಾಕುವುದು ಎಲ್ಲವೂ ಇಡೀ ಪುಟದ ಲೆಕ್ಕದಲ್ಲೇ.

ಪುಟದ ಉಪಾಯ ಹಳೆಯದು. ಮ್ಯಾಂಚೆಸ್ಟರಿನಲ್ಲಿ 1962ರಲ್ಲಿ ಶುರುವಾದ ಅಟ್ಲಾಸ್ ಯಂತ್ರದಲ್ಲಿ 512 ಪದಗಳ ಪುಟಗಳಿದ್ದವು. ಯೂನಿಕ್ಸ್‌ಗೆ ಅದು ಬಂದದ್ದು 1979ರಲ್ಲಿ. ಬರ್ಕ್ಲಿಯ ಬಿಲ್ ಜಾಯ್ ಮತ್ತು ಓಜಾಲ್ಪ್ ಬಾಬಾಓಲು ವ್ಯಾಕ್ಸ್ ಯಂತ್ರಕ್ಕಾಗಿ ಅದನ್ನು ಕೂಡಿಸಿದರು. ಮುಂದೆ ಪ್ರೋಗ್ರಾಂ ಬರೆಯುವವರಿಗೂ ಪುಟಗಳ ಮೇಲೆ ಹಿಡಿತ ಕೊಡುವ ಕರೆಗಳು ಒಂದೊಂದಾಗಿ ಬಂದವು.

ನಾನು ದಿನವೂ ಬಳಸುವುದು ನಾಲ್ಕು. ಎಂಮ್ಯಾಪ್ ಎಂದರೆ ಜಾಗ ಕೇಳುವುದು: ಬಯಲಿನಲ್ಲಿ ಇಷ್ಟು ಪುಟ ನನ್ನ ಹೆಸರಿಗೆ ಮಾಡು, ಬೇಕಿದ್ದರೆ ಡಿಸ್ಕಿನ ಈ ಫೈಲನ್ನೇ ಅಲ್ಲಿ ಹಾಸಿಬಿಡು. ಎಂಪ್ರೊಟೆಕ್ಟ್ ಎಂದರೆ ಹಕ್ಕಿನ ಕಲಂ ತಿದ್ದುವುದು: ಈ ಪುಟವನ್ನು ಓದಬಹುದೇ, ಬರೆಯಬಹುದೇ, ಆದೇಶಗಳೆಂದು ನಡೆಸಬಹುದೇ. ಓದಲು ಮಾತ್ರ ಎಂದಿರುವ ಪುಟಕ್ಕೆ ಬರೆಯಹೋದರೆ ಪ್ರೊಸೆಸ್ ಸಾಮಾನ್ಯವಾಗಿ ಅಲ್ಲೇ ಸಾಯುತ್ತದೆ. ಸೆಗ್‌ಮೆಂಟೇಶನ್ ಫಾಲ್ಟ್ ಎಂಬ ಸಾವಿನ ಸುದ್ದಿಯನ್ನು ನೋಡದ ಪ್ರೋಗ್ರಾಮರ್ ಇಲ್ಲ. ಬರೆಯುವ ಹಕ್ಕೂ ನಡೆಸುವ ಹಕ್ಕೂ ಒಂದೇ ಪುಟಕ್ಕೆ ಬೇಡ ಎಂಬ ಶಿಸ್ತನ್ನು ಓಪನ್‌ಬಿಎಸ್‌ಡಿ ಎಂಬ ಯೂನಿಕ್ಸ್‌ನವರು 2003ರಲ್ಲಿ ತಂದರು. ಕಳ್ಳ ತಾನು ಬರೆದದ್ದನ್ನು ತಾನೇ ನಡೆಸಲಾಗದಿರಲಿ ಎಂದು. ಎಂಲಾಕ್ ಎಂದರೆ ಈ ಪುಟವನ್ನು ಮೆಮೊರಿ ಬಿಟ್ಟು ಕದಲಿಸಬೇಡ ಎಂಬ ಬೀಗ. ಗುಪ್ತಪದ ಇಟ್ಟ ಪುಟ ಮೆಮೊರಿ ಸಾಲದಾದಾಗ ಡಿಸ್ಕಿಗೆ ಸಾಗಿ ಅಲ್ಲೇ ಉಳಿದೀತು ಎಂಬ ಭಯಕ್ಕೆ ಅದು ಮದ್ದು.

ನಾಲ್ಕನೆಯದು ಎಂಅಡ್ವೈಸ್. ಹೆಸರಿಗೆ ಸಲಹೆ. ಈ ಪುಟಗಳನ್ನು ಸಾಲಾಗಿ ಓದುತ್ತೇನೆ, ಇವು ಬೇಗ ಬೇಕು, ಇವು ಇನ್ನು ಬೇಡ ಎಂದು ಕರ್ನೆಲ್ಲಿನ ಕಿವಿಗೆ ಹಾಕುವ ಮಾತು. ನಾನು ಎಡವಿದ್ದು ಆ 'ಬೇಡ'ದಲ್ಲಿ.

ಲಾರಿ ಬಿಲ್ಲುಗಳು ಕಟ್ಟುಕಟ್ಟಾಗಿ ಬರುತ್ತಿದ್ದವು. ಒಂದು ದೊಡ್ಡ ಜಾಗವನ್ನು ಎಂಮ್ಯಾಪ್‌ನಿಂದ ಪಡೆದು ಕಟ್ಟಿನ ಹಿಂದೆ ಕಟ್ಟು ಜೋಡಿಸುತ್ತಿದ್ದೆ. ಒಂದರ ಲೆಕ್ಕ ಮುಗಿದೊಡನೆ, ಅದರ ಮೆಮೊರಿ ಇನ್ನು ಬೇಡ ಎಂದು ಎಂಅಡ್ವೈಸ್‌ಗೆ ಹೇಳುತ್ತಿದ್ದೆ. ಒಂದೊಂದು ಬಿಲ್ಲು 64 ಬೈಟ್, ಹಾಗಾಗಿ ಪುಟಕ್ಕೆ ಸರಿಯಾಗಿ 64 ಬಿಲ್ಲು. ಪರೀಕ್ಷೆಗೆ ನಾನು ಹಾಕಿದ ಕಟ್ಟಿನಲ್ಲಿದ್ದದ್ದು 6400 ಬಿಲ್ಲು, ತುಂಬು 100 ಪುಟ. ಎಲ್ಲ ಸರಿಹೋಯಿತು. ಗಿರಾಕಿಯಿಂದ ಬಂದ ನಿಜವಾದ ಕಟ್ಟಿನಲ್ಲಿ 6441 ಬಿಲ್ಲು. ನೂರು ಪುಟ ತುಂಬಿ 41 ಬಿಲ್ಲು ಮುಂದಿನ ಪುಟಕ್ಕೆ ಚಾಚಿದವು. ಆ ಪುಟದ ಉಳಿದ 23 ಜಾಗಗಳಲ್ಲಿ ಮುಂದಿನ ಕಟ್ಟಿನ ಮೊದಲ 23 ಬಿಲ್ಲುಗಳು ಕೂತಿದ್ದವು. 6441 ಬಿಲ್ಲಿನಷ್ಟು ಜಾಗ ಬೇಡ ಎಂದು ನಾನು ಹೇಳಿದೆ. ಕರ್ನೆಲ್ ಅಳತೆಯನ್ನು ಪುಟದ ಅಂಚಿನವರೆಗೆ ಎಳೆದು 101 ಪುಟ ಕಿತ್ತುಕೊಂಡಿತು. ಆಮೇಲೆ ಓದಹೋದಾಗ ಹೊಸದಾಗಿ ತೊಳೆದ ಪುಟ ಬಂತು, ಪೂರ್ತಿ ಸೊನ್ನೆ.

ಎರಡು ದಿನ ಕೂಡಿಸಿ ಕಳೆಯುವ ಲೆಕ್ಕದಲ್ಲಿ ತಪ್ಪು ಹುಡುಕಿದೆ. ಮೂರನೇ ದಿನ 41ಕ್ಕೆ 23 ಕೂಡಿಸಿದರೆ 64 ಎಂಬುದು ಹೊಳೆದು ಕುರ್ಚಿಗೆ ಒರಗಿದೆ.

ಹೆಸರನ್ನು ನಂಬಿದ್ದು ನನ್ನ ಎರಡನೇ ತಪ್ಪು. ಬೇರೆ ಕೆಲವು ಯೂನಿಕ್ಸ್‌ಗಳಲ್ಲಿ ಈ 'ಬೇಡ' ಬರೀ ಸಲಹೆ, ಪುಟದಲ್ಲಿದ್ದದ್ದು ಅಳಿಯುವುದಿಲ್ಲ. ಲಿನಕ್ಸ್‌ನಲ್ಲಿ ಅದು ಅಪ್ಪಣೆ. ಇದೇ 'ಬೇಡ'ದ ಸಂದಿಯಲ್ಲಿ ಇನ್ನೂ ದೊಡ್ಡ ಕಳ್ಳಗಿಂಡಿಯೊಂದು ಒಂಬತ್ತು ವರ್ಷ ತೆರೆದಿತ್ತು. 2007ರಿಂದ ಲಿನಕ್ಸ್‌ನಲ್ಲಿದ್ದು 2016ರ ಅಕ್ಟೋಬರಿನಲ್ಲಿ ಬಯಲಾದ ಅದಕ್ಕೆ ಡರ್ಟಿ ಕೌ ಎಂದು ಹೆಸರು. ಓದಲು ಮಾತ್ರ ಹಕ್ಕಿರುವ ಫೈಲಿನ ಖಾಸಗಿ ನಕಲಿಗೆ ಒಂದು ಕೈ ಬರೆಯುತ್ತಿರುವಾಗ ಇನ್ನೊಂದು ಕೈ 'ಈ ನಕಲು ಬೇಡ, ಬೇಡ' ಎನ್ನುತ್ತ ಹೋದರೆ, ಗಡಿಬಿಡಿಯಲ್ಲಿ ಕರ್ನೆಲ್ ಆ ಬರಹವನ್ನು ಮೂಲ ಪುಟಕ್ಕೇ ಹಾಕಿಬಿಡುತ್ತಿತ್ತು. ಬಡ ಬಳಕೆದಾರ ಯಂತ್ರಕ್ಕೇ ಒಡೆಯನಾಗಲು ಅಷ್ಟು ಸಾಕಿತ್ತು.

ಭಾನುವಾರ ಅಪ್ಪನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅಪ್ಪ ಭೂಮಾಪಕರಾಗಿದ್ದು ನಿವೃತ್ತರಾದವರು. 33 ಅಡಿಯ ಸರಪಳಿ, ಅದಕ್ಕೆ ಹದಿನಾರು ಆಣೆ, ಸರಪಳಿ ಉದ್ದ ಸರಪಳಿ ಅಗಲಕ್ಕೆ ಒಂದು ಗುಂಟೆ, ನಲವತ್ತು ಗುಂಟೆಗೆ ಎಕರೆ ಎಂದು ಬದುಕಿದವರು. ಪೂರ್ತಿ ಕೇಳಿ ನಕ್ಕರು.

"ಬದು ಒತ್ತಿಯಲ್ಲವ್ವಾ! ನಿನ್ನ ಹೊಲ ಅರ್ಧ ಗುಂಟ್ಯಾಗ ಮುಗಿದ್ರೂ ಇಡೀ ಗುಂಟಿ ಉತ್ತಿದಿ. ಆಚಿ ಕಡಿಯವ ಸುಮ್ನ ಬಿಡ್ತಾನೇನು?"

ಒಂದು ವಾರದ ಕೆಲಸಕ್ಕೆ ಇಷ್ಟು ಚೊಕ್ಕ ವರದಿಯನ್ನು ನಾನು ಬರೆದಿರಲಿಲ್ಲ. ಈಗ ಮೆಮೊರಿ ಬಿಟ್ಟುಕೊಡುವ ಮುನ್ನ ಅದರ ಆರಂಭವನ್ನು ಪುಟದ ಅಂಚಿನವರೆಗೆ ಮುಂದಕ್ಕೆ, ಕೊನೆಯನ್ನು ಹಿಂದಿನ ಅಂಚಿಗೆ ಸರಿಸುತ್ತೇನೆ. ಎರಡು ಕಟ್ಟು ಹಂಚಿಕೊಂಡ ಪುಟವನ್ನು ಇಬ್ಬರ ಕೆಲಸವೂ ಮುಗಿಯುವವರೆಗೆ ಮುಟ್ಟುವುದಿಲ್ಲ.

ಸಂಕ್ರಾಂತಿಗೆ ಅಪ್ಪ ಗನ್ನವರಂಗೆ ಬಂದಿದ್ದರು. ಮನೆ ಮಾಲೀಕರು ತಮ್ಮ ಹೊಲ ತೋರಿಸಲು ಕರೆದೊಯ್ದರು. ಬದುವಿನ ಮೇಲೆ ಕಾಲಿಟ್ಟ ಅಪ್ಪನ ಮೊದಲ ಪ್ರಶ್ನೆ, "ಇಲ್ಲೆ ಅಳತಿ ಗುಂಟೇನೋ ಸೆಂಟೋ?" ನಾನು ತೆಲುಗಿಗೆ ತಿರುಗಿಸಿದೆ. ಈ ಸೀಮೆಯಲ್ಲಿ ಎಕರೆಗೆ ನೂರು ಸೆಂಟು. ಮಾಲೀಕರು ಅರವತ್ತು ಸೆಂಟು ಎಂದರು. "ಅಂದ್ರ ಇಪ್ಪತ್ನಾಕು ಗುಂಟಿ," ಎಂದು ಅಪ್ಪ ಹೆಜ್ಜೆ ಎಣಿಸುತ್ತ ಹೊರಟರು.

ಪುಟದ ಅಳತೆಯೂ ಸೀಮೆಗೊಂದು. ವ್ಯಾಕ್ಸ್‌ನಲ್ಲಿ 512 ಬೈಟ್, ಇಂಟೆಲ್‌ನಲ್ಲಿ 4096, ಆಪಲ್‌ನ ಎಂ ಸರಣಿಯ ಲ್ಯಾಪ್‌ಟಾಪುಗಳಲ್ಲಿ 16384. 2024ರ ಆಂಡ್ರಾಯ್ಡ್ 15 ಕೂಡ 16384ರ ಪುಟಕ್ಕೆ ಅವಕಾಶ ಕೊಟ್ಟಾಗ, 4096 ಎಂದು ಬರೆದುಕೊಂಡು ಕೂತಿದ್ದ ಆ್ಯಪ್‌ಗಳನ್ನು ತಿದ್ದಬೇಕಾಯಿತು. ನನ್ನ ಪ್ರೋಗ್ರಾಮಿನಲ್ಲೂ ಆ ಸಂಖ್ಯೆ ಏಳು ಕಡೆ ಇತ್ತು. ಹಬ್ಬ ಮುಗಿಸಿ ಆಫೀಸಿಗೆ ಹೋದ ದಿನ ಏಳನ್ನೂ ಅಳಿಸಿದೆ. ಈಗ ಅದರ ಮೊದಲ ಸಾಲು ಯಂತ್ರಕ್ಕೆ ಕೇಳುವ ಒಂದು ಪ್ರಶ್ನೆ: ನಿನ್ನಲ್ಲಿ ಪುಟವೆಂದರೆ ಎಷ್ಟು ಬೈಟು?