ಎಂಸಿಸಿ ಕೋರ್ಸ್: ಅಗ್ಗದ್ದು ಹುಡುಕಿ, ಆದರೆ ಈ ಪ್ರಶ್ನೆ ಕೇಳಿ

ಪೈಲಟ್ ಲೈಸೆನ್ಸ್ ಕೈಗೆ ಬಂದ ಮೇಲೂ ಖರ್ಚು ಮುಗಿಯೋದಿಲ್ಲ. ಯುರೋಪಿನ ನಿಯಮದ ಪ್ರಕಾರ, ಇಬ್ಬರು ಪೈಲಟ್‌ಗಳು ಬೇಕಾಗುವ ವಿಮಾನದ ತರಬೇತಿಗೆ ಮೊದಲ ಸಲ ಹೋಗುವವರು ಮಲ್ಟಿ ಕ್ರೂ ಕೋಆಪರೇಷನ್, ಅಂದರೆ ಎಂಸಿಸಿ ಕೋರ್ಸ್ ಮುಗಿಸಿರಬೇಕು. ಅಲ್ಲಿ ಓದುತ್ತಿರುವ ನನ್ನ ಚಿಕ್ಕಪ್ಪನ ಮಗಳು ನಾಲ್ಕೈದು ಕೊಟೇಶನ್ ಕಳಿಸಿ, "ಅಣ್ಣಾ, ಯಾವುದು ಕಡಿಮೆ ಅಂತ ನೋಡಿ ಹೇಳೋ" ಅಂದಳು. ಸಾಫ್ಟ್‌ವೇರ್‌ನವನಿಗೆ ಮನೆಯವರು ಕೊಡುವ ಕೆಲಸವೇ ಇಂಥದ್ದು, ಎಕ್ಸೆಲ್ ಶೀಟ್ ಮಾಡೋದು!

ಬೆಲೆ ನೋಡುವ ಮೊದಲು ಈ ಕೋರ್ಸ್ ಯಾಕೆ ಅಂತ ತಿಳಿಯಬೇಕು. ಒಬ್ಬರು ವಿಮಾನ ನಡೆಸುತ್ತಾರೆ. ಇನ್ನೊಬ್ಬರು ಗಮನಿಸುತ್ತಾ, ಚೆಕ್‌ಲಿಸ್ಟ್ ಓದುತ್ತಾ, ತಪ್ಪು ಕಂಡರೆ ಬಾಯಿಬಿಟ್ಟು ಹೇಳಬೇಕು. 2010ರ ಮೇ 22ರಂದು ಮಂಗಳೂರಿನಲ್ಲಿ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಸತ್ತರು. ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ಮೂರು ಸಲ ಹೇಳಿದ್ದರು, ಕ್ಯಾಪ್ಟನ್ ಇಳಿಯುವುದನ್ನು ಕೈಬಿಡಲಿಲ್ಲ ಎಂದು ತನಿಖಾ ವರದಿ ಹೇಳುತ್ತದೆ. ಹೇಳೋದು ಹೇಗೆ, ಕೇಳಿಸಿಕೊಳ್ಳೋದು ಹೇಗೆ, ಎರಡನ್ನೂ ಕಲಿಸುವುದೇ ಎಂಸಿಸಿ.

ಯುರೋಪಿನಲ್ಲಿ ಕನಿಷ್ಠ 25 ಗಂಟೆ ಪಾಠ. ಸಿಮ್ಯುಲೇಟರ್ ಸಾಮಾನ್ಯವಾಗಿ 20 ಗಂಟೆ. ಕೊನೆಗೆ ಲೈಸೆನ್ಸ್ ಪರೀಕ್ಷೆಯಂಥದ್ದು ಏನೂ ಇಲ್ಲ, ಮುಗಿಸಿದವರಿಗೆ ಸರ್ಟಿಫಿಕೇಟ್. ಹಾಗಾಗಿ ಗಂಟೆ ತುಂಬಿಸಿ ಕಳಿಸುವ ಸ್ಕೂಲಿಗೂ, ನಿಜವಾಗಿ ಕಲಿಸುವ ಸ್ಕೂಲಿಗೂ ಕಾಗದದ ಮೇಲೆ ವ್ಯತ್ಯಾಸ ಕಾಣೋದಿಲ್ಲ. ಎಪಿಎಸ್ ಎಂಸಿಸಿ ಎಂಬ ದೊಡ್ಡ ಕೋರ್ಸ್‌ನಲ್ಲಿ ಸಿಮ್ಯುಲೇಟರ್ 40 ಗಂಟೆ, ಕೊನೆಗೆ ಮೌಲ್ಯಮಾಪನವೂ ಇದೆ, ರೇಟೂ ಹೆಚ್ಚು. ನೀವು ಅರ್ಜಿ ಹಾಕಲಿರುವ ಏರ್‌ಲೈನ್ ಅದನ್ನೇ ಕೇಳುತ್ತಿದ್ದರೆ ಮಾತ್ರ ಆ ಕಡೆ ನೋಡಿ.

ಉಳಿಸಬಹುದಾದ ಜಾಗ ಸಿಮ್ಯುಲೇಟರ್. ಅಲುಗಾಡುವ ದುಬಾರಿ ಫುಲ್ ಫ್ಲೈಟ್ ಸಿಮ್ಯುಲೇಟರ್ ಎಂಸಿಸಿಗೆ ಬೇಕೇ ಬೇಕು ಅಂತಿಲ್ಲ, ಇದಕ್ಕೆಂದೇ ಮಾನ್ಯತೆ ಇರುವ ನಿಂತಲ್ಲೇ ನಿಂತ ಸಿಮ್ಯುಲೇಟರ್ ಸಾಕು. ಕಲಿಯಬೇಕಾದ್ದು ಎರಡು ಕುರ್ಚಿಗಳ ನಡುವೆ ಇದೆ, ಅಲುಗಾಟದಲ್ಲಿ ಅಲ್ಲ. ಏರ್‌ಲೈನ್ ಟೈಪ್ ರೇಟಿಂಗ್ ಜೊತೆಗೇ ಎಂಸಿಸಿ ಕೊಡುತ್ತದೆಯೇ ಅಂತಲೂ ವಿಚಾರಿಸಿ. ಬೇರೆಯಾಗಿ ದುಡ್ಡು ಕಟ್ಟುವುದು ತಪ್ಪಬಹುದು.

ಉಳಿಸಬಾರದ ಜಾಗ ಜೋಡಿ. ಎಲ್ಲ ಸ್ಕೂಲಿಗೂ ನಾವು ಒಂದೇ ಪ್ರಶ್ನೆ ಕಳಿಸಿದೆವು: ಜೊತೆಗಾರ ಸಿಗದಿದ್ದರೆ ಏನು ಮಾಡ್ತೀರಿ? ಅತಿ ಅಗ್ಗದ ಸ್ಕೂಲು, ಇನ್‌ಸ್ಟ್ರಕ್ಟರೇ ಪಕ್ಕದಲ್ಲಿ ಕೂರ್ತಾರೆ ಅಂತ ಉತ್ತರಿಸಿತು. ಆಗ ಹಿಂದೆ ಕೂತು ಇಬ್ಬರನ್ನೂ ಗಮನಿಸೋರು ಯಾರು? ಕಲಿಯುವ ಇನ್ನೊಬ್ಬರ ತಪ್ಪನ್ನು ಹಿಡಿಯುವ ಅಭ್ಯಾಸವೂ ಹೋಯ್ತು. ಅವಳು ಅದಕ್ಕಿಂತ ಸ್ವಲ್ಪ ದುಬಾರಿಯ, ಜೋಡಿ ಸಿಕ್ಕ ಮೇಲೆಯೇ ತಾರೀಖು ಕೊಡುವ ಸ್ಕೂಲನ್ನು ಆರಿಸಿದಳು.

ಆ ಇಬ್ಬರಲ್ಲಿ ಪ್ರತಿಯೊಬ್ಬರಿಗೂ ವಿಮಾನ ನಡೆಸಲು ಎಷ್ಟು ಗಂಟೆ, ಗಮನಿಸಲು ಎಷ್ಟು ಅಂತ ಬರವಣಿಗೆಯಲ್ಲಿ ತಗೊಳ್ಳಿ. ರೇಟಿನಲ್ಲಿ ತೆರಿಗೆ ಸೇರಿದೆಯೇ ಕೇಳಿ. ಪೂರ್ತಿ ದುಡ್ಡನ್ನು ಒಂದೇ ಸಲ ಮುಂಗಡ ಕಟ್ಟಬೇಡಿ, ಎಷ್ಟೇ ಡಿಸ್ಕೌಂಟ್ ಕೊಡ್ತೀವಿ ಅಂದರೂ.