ದಪ್ಪ ಅಕ್ಷರ, ಓರೆ ಅಕ್ಷರ ಮತ್ತು ನಮ್ಮ ರಾಜ್ಯೋತ್ಸವದ ಬ್ಯಾನರ್



ಕಳೆದ ವರ್ಷ ರಾಜ್ಯೋತ್ಸವದ ದಿನ ಸಭಾಂಗಣದ ಬಾಗಿಲಿಗೆ ಕಟ್ಟಿದ್ದ ಬ್ಯಾನರ್ ನೆನಪಿದೆಯೇ? ಮೇಲೆ ಇಂಗ್ಲಿಷಿನಲ್ಲಿ ಕೂಟದ ಹೆಸರು ದಪ್ಪಗೆ, ದುಂಡಗೆ, ಬಲಕ್ಕೆ ವಾಲಿಕೊಂಡು ಸೊಗಸಾಗಿತ್ತು. ಅದಕ್ಕೆ ಜೋಡಿಯಾಗಲೆಂದು ಕೆಳಗಿನ ಕನ್ನಡವನ್ನೂ ದಪ್ಪ ಮಾಡಿ, ಓರೆ ಮಾಡಿಬಿಟ್ಟೆವು. ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ಆಗಷ್ಟೇ ಒತ್ತಕ್ಷರ ಕಲಿತಿದ್ದ ಪುಟಾಣಿಯೊಬ್ಬಳು 'ರಾಜ್ಯೋತ್ಸವ' ಓದಲು ಹೋಗಿ ತಡವರಿಸಿ, "ಆಂಟಿ, ಇದು ಕನ್ನಡಾನಾ?" ಎಂದು ಕೇಳಿದಳು. ತಪ್ಪು ಅವಳದಲ್ಲ, ಬ್ಯಾನರ್ ಮಾಡಿದ ನಮ್ಮದು! ಈ ಸಲ ಹಾಗಾಗದಿರಲೆಂದು ಈ ಪುಟ್ಟ ಬರಹ.

ಆ ಇಂಗ್ಲಿಷ್ ಅಕ್ಷರ ಯಾವುದು?

ಅದರ ಹೆಸರು ಕೂಪರ್ ಬ್ಲ್ಯಾಕ್ ಇಟಾಲಿಕ್. ಷಿಕಾಗೋದ ಆಸ್ವಾಲ್ಡ್ ಕೂಪರ್ (1879-1940) ರಚಿಸಿದ ಕೂಪರ್ ಬ್ಲ್ಯಾಕ್ ಅನ್ನು ಅದೇ ಊರಿನ ಬಾರ್ನ್‌ಹಾರ್ಟ್ ಬ್ರದರ್ಸ್ ಅಂಡ್ ಸ್ಪಿಂಡ್ಲರ್ ಎಂಬ ಅಚ್ಚುಮೊಳೆ ಕಂಪನಿ 1922ರಲ್ಲಿ ಹೊರತಂದಿತು. ಓರೆ ರೂಪ ಬಂದದ್ದು ಅದಾದ ಕೆಲವೇ ವರ್ಷಗಳಲ್ಲಿ. 1966ರ ಬೀಚ್ ಬಾಯ್ಸ್ ತಂಡದ 'ಪೆಟ್ ಸೌಂಡ್ಸ್' ಆಲ್ಬಮ್ಮಿನ ಹೊದಿಕೆಯಲ್ಲಿ, ಈಜಿಜೆಟ್ ವಿಮಾನಗಳ ಮೈಮೇಲೆ ಕಾಣುವುದು ಇದರ ನೇರ ರೂಪ.

ಅಕ್ಷರದ ಗೆರೆಯ ತುದಿಯಲ್ಲಿರುವ ಪುಟ್ಟ ಪಾದಕ್ಕೆ ಸೆರಿಫ್ ಎನ್ನುತ್ತಾರೆ. ಕೂಪರ್ ಬ್ಲ್ಯಾಕ್‌ನಲ್ಲಿ ಈ ಪಾದಗಳೂ ದುಂಡು. ಗೆರೆ ಇಷ್ಟು ದಪ್ಪವಾದಾಗ ಅಕ್ಷರದ ಒಳಗಿನ ಬಿಳಿ ಜಾಗ ಚಿಕ್ಕದಾಗುತ್ತದೆ. ಆದ್ದರಿಂದಲೇ ಇಂಥವು ತಲೆಬರಹ, ಬೋರ್ಡು, ಪೋಸ್ಟರುಗಳಿಗೆ ಚೆನ್ನ. ಸಣ್ಣ ಅಳತೆಯಲ್ಲಿ ಒಂದು ಪುಟ ಓದಬೇಕೆಂದರೆ ಕಣ್ಣು ಸೋಲುತ್ತದೆ.

ಇಟಾಲಿಕ್ ಎಂದರೆ ಬರೀ ವಾಲಿಸುವುದಲ್ಲ

1501ರಲ್ಲಿ ವೆನಿಸ್ ನಗರದ ಆಲ್ಡಸ್ ಮನುಷಿಯಸ್ ಇಟಾಲಿಕ್ ಅಕ್ಷರಗಳಲ್ಲಿ ಪುಟ್ಟ ಪುಸ್ತಕ ಅಚ್ಚು ಹಾಕಿದರು. ಮೊಳೆ ಕೊರೆದವರು ಫ್ರಾನ್ಸೆಸ್ಕೋ ಗ್ರಿಫೋ. ಅದಕ್ಕೆ ಮಾದರಿ ಆ ಕಾಲದ ಕೈಬರಹ. ಅಂದರೆ ನಿಜವಾದ ಇಟಾಲಿಕ್ ಅನ್ನು ಕಲಾವಿದರು ಹೊಸದಾಗಿಯೇ ಬರೆಯುತ್ತಾರೆ.

ಕನ್ನಡ ಮುದ್ರಣದಲ್ಲಿ ಇಂಥ ಪರಂಪರೆ ಬೆಳೆಯಲಿಲ್ಲ. ಹೀಗಾಗಿ ನಾವು ಇಟಾಲಿಕ್ ಗುಂಡಿ ಒತ್ತಿದರೆ ಕಂಪ್ಯೂಟರ್ ಸಾಮಾನ್ಯವಾಗಿ ಅಕ್ಷರವನ್ನು ಸುಮ್ಮನೆ ತಳ್ಳಿ ವಾಲಿಸುತ್ತದೆ. ಮೇಲಿನ ತಲೆಕಟ್ಟು, ಗುಡಿಸು ಬಲಕ್ಕೆ ಹೋಗುತ್ತವೆ. ಕೆಳಗಿನ ಒತ್ತು ಎಡಕ್ಕೆ ಸರಿದು ಹಿಂದಿನ ಅಕ್ಷರದ ಅಡಿಗೆ ನುಸುಳುತ್ತದೆ. 'ರಾಜ್ಯೋತ್ಸವ'ಕ್ಕೆ ಆದದ್ದು ಇದೇ!

ಬೋಲ್ಡ್ ಗುಂಡಿಯದ್ದು ಇನ್ನೊಂದು ಕಥೆ. ಫಾಂಟಿನಲ್ಲಿ ದಪ್ಪ ರೂಪ ಇಲ್ಲದಿದ್ದರೆ ಕಂಪ್ಯೂಟರ್ ಗೆರೆಗಳನ್ನು ಊದಿಸುತ್ತದೆ. ದ-ಧ, ಪ-ಫ ಇವುಗಳ ವ್ಯತ್ಯಾಸ ಅಡಿಯಲ್ಲಿರುವ ಒಂದು ಸಣ್ಣ ಸೀಳು ಮಾತ್ರ. ಅದು ಮುಚ್ಚಿಹೋದರೆ ದಾನಿಗಳ ಫಲಕದ 'ಧನಸಹಾಯ' ಹೋಗಿ 'ದನಸಹಾಯ' ಆದೀತು, ಜೋಕೆ!

ಹಾಗಾದರೆ ಏನು ಮಾಡೋಣ?

* ದಪ್ಪವಾಗಿಯೇ ರಚಿಸಿದ ಕನ್ನಡ ಫಾಂಟ್ ಆರಿಸಿ. ಏಕ್ ಟೈಪ್ ಸಂಸ್ಥೆಯ 'ಬಾಲೂ ತಮ್ಮ' ಉಚಿತವಾಗಿ ಸಿಗುತ್ತದೆ, ಕೂಪರ್ ಬ್ಲ್ಯಾಕ್ ಪಕ್ಕದಲ್ಲಿ ಚೆನ್ನಾಗಿ ಕೂರುತ್ತದೆ.
* ಇಂಗ್ಲಿಷ್ ಬೇಕಾದರೆ ವಾಲಲಿ, ಕನ್ನಡ ನೆಟ್ಟಗೇ ನಿಲ್ಲಲಿ. ಒತ್ತು ಕೊಡಲು ಬಣ್ಣವಿದೆ, ಅಳತೆಯಿದೆ.
* ಸಾಲುಗಳ ನಡುವೆ ಒತ್ತಕ್ಷರಗಳಿಗೆ ಜಾಗ ಬಿಡಿ.
* ದಪ್ಪಕ್ಷರ ತಲೆಬರಹಕ್ಕೆ ಮಾತ್ರ. ಸಮಯ, ಸ್ಥಳ, ಊಟದ ವಿವರ ಸಾಮಾನ್ಯ ಅಕ್ಷರದಲ್ಲಿರಲಿ.
* ಅಚ್ಚಿಗೆ ಕಳಿಸುವ ಮುನ್ನ ಕನ್ನಡ ತರಗತಿಯ ಮಗುವೊಂದರಿಂದ ದೂರ ನಿಲ್ಲಿಸಿ ಓದಿಸಿ.

ಊರಿನಲ್ಲಾದರೆ ಬಸ್ಸಿನ ಬೋರ್ಡು, ಅಂಗಡಿ ಫಲಕ ನೋಡುತ್ತಲೇ ಮಕ್ಕಳು ಓದು ಕಲಿಯುತ್ತಾರೆ. ಇಲ್ಲಿ ನಮ್ಮ ಮಕ್ಕಳಿಗೆ ಮನೆಯಾಚೆ ದೊಡ್ಡದಾಗಿ ಕಾಣುವ ಕನ್ನಡ ವರ್ಷಕ್ಕೆ ಒಂದೆರಡು ಬ್ಯಾನರ್ ಅಷ್ಟೇ. ಅದನ್ನಾದರೂ ಅವರು ಓದುವಂತೆ ಬರೆಯೋಣ. ಏನಂತೀರಿ?

ಸಿರಿಗನ್ನಡಂ ಗೆಲ್ಗೆ!

- ಸಾಂಸ್ಕೃತಿಕ ಸಮಿತಿಯ ಪರವಾಗಿ